ನೂರಕ್ಕೆ ಮೂರೇ

ಅಂಗಿಯೊಳಗೆ ಬೆರಳು ಮತ್ತೆ ಅಲ್ಲಿಗೇ ಹೋಯಿತು, ಬಲಗಡೆ, ಕೊನೆಯ ಎರಡು ಪಕ್ಕೆಲುಬುಗಳ ನಡುವೆ, ಕಡಲೆಕಾಳಿನಷ್ಟು ಗಂಟು, ಒತ್ತಿದರೆ ನೋವಿಲ್ಲ, ದರಿದ್ರದ್ದು ಜಾರುವುದೂ ಇಲ್ಲ — ಮುಟ್ಟಬೇಡಿ ಅಂದ್ರಲ್ಲ ಡಾಕ್ಟ್ರು, ಎಂದು ಪಕ್ಕದ ಕುರ್ಚಿಯಿಂದ ಹೆಂಡತಿ, ಇವಳಿಗೇನು, ಇವಳ ಮೈಯಲ್ಲಿ ಬೆಳೆದಿದೆಯೇ, ಆ ಡಾಕ್ಟರಿಗಾದರೂ ಏನು, ಬಾಗಿಲು ಹಾಕಿಕೊಂಡು ಹೊಸ ಸ್ಕ್ಯಾನ್ ನೋಡುತ್ತ ಕೂತಿದ್ದಾನೆ, ಇದೊಂದೇ ಆಗಿದ್ರೆ ಕಿತ್ತು ಹಾಕೋಣ, ಇನ್ನೂ ಇದ್ರೆ ನೋಡೋಣ, ನೋಡೋಣವಂತೆ, ಹೋದ ವರ್ಷ ಇದೇ ಕೋಣೆಯಲ್ಲಿ ಇದೇ ಮನುಷ್ಯ ಹೇಳಿದ್ದ, ಲಿವರ್‌ನಲ್ಲಿ ಒಂದೇ ಗಡ್ಡೆ, ಸ್ಕ್ಯಾನು, ರಕ್ತ ಎರಡೂ ಕ್ಯಾನ್ಸರ್ ಅಂತಲೇ ಹೇಳ್ತಿವೆ, ಸೂಜಿ ಹಾಕಿ ತುಣುಕು ತೆಗೆಯೋದು ಬೇಕಾಗಿಲ್ಲ, ನೇರ ಆಪರೇಷನ್ ಮಾಡಿಬಿಡೋಣ. ಬೇಕಾಗಿಲ್ಲವಂತೆ! ಮೂವತ್ತು ವರ್ಷ ಧಾನ್ಯದ ಗೋದಾಮಿನಲ್ಲಿ ತಪಾಸಣೆ ಮಾಡಿದವನಿಗೆ ಹೇಳುವ ಮಾತೇ ಇದು, ಚೂಪು ತುದಿಯ ಪೊಳ್ಳು ಕೊಳವೆಯನ್ನು ಚೀಲಕ್ಕೆ ತಿವಿದು, ಹಿಡಿ ಕಾಳು ಅಂಗೈಗೆ ಸುರಿದುಕೊಂಡು ನೋಡದೆ ಒಂದು ಚೀಟಿಗೂ ಸಹಿ ಹಾಕಿದವನಲ್ಲ, ಲಾರಿಯವರು ಬೆನ್ನ ಹಿಂದೆ ಚುಚ್ಚಪ್ಪ ಅನ್ನುತ್ತಿದ್ದರು, ಅನ್ನಲಿ — ಫೋಟೋ ನೋಡಿ ಹೊಟ್ಟೆ ಕುಯ್ಯಿಸಿಕೊಳ್ಳೋ ಪೆದ್ದ ನಾನಲ್ಲ, ಮೊದಲು ಚುಚ್ಚಿ ನೋಡಿ, ಆಮೇಲೆ ಮಾತಾಡಿ, ಎಂದು ಇವನು ಮೇಜು ಕುಟ್ಟಿದ್ದ, ಭಾವ, ಡಾಕ್ಟ್ರೇ ಬೇಡ ಅಂತಿದ್ದಾರಲ್ಲ, ಎಂದು ಹೆಂಡತಿಯ ತಮ್ಮ ಗೊಣಗಿದಾಗ ನೀನು ಬಾಯಿ ಮುಚ್ಕೊಂಡಿರು ಎಂದಿದ್ದ, ಈಗಲೂ ಬಾಯಿ ಮುಚ್ಚಿಕೊಂಡೇ ಬಂದು ಕಿತ್ತಳೆ ಇಟ್ಟು ಹೋಗುತ್ತಾನೆ ಅವನು, ಒಂದು ಸಲ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಡಾಕ್ಟರಾದರೂ ಗದರಿಸಬೇಕಿತ್ತು, ಗದರಿಸಲಿಲ್ಲ, ಸೂಜಿ ಹೊರಗೆ ಬರುವಾಗ ಅದು ಹೋದ ದಾರಿಯಲ್ಲೇ ಗಡ್ಡೆಯ ಒಂದೆರಡು ಕಣ ಉದುರಿ ಅಲ್ಲೇ ಬೆಳೀಬಹುದು, ನೂರು ಜನರಲ್ಲಿ ಇಬ್ರು ಮೂವರಿಗೆ ಹಾಗಾಗುತ್ತೆ, ಎಂದ, ನೂರಕ್ಕೆ ಮೂರೇ, ನಕ್ಕುಬಿಟ್ಟಿದ್ದ ಇವನು, ನೂರು ಚೀಲಕ್ಕೆ ಮೂರು ಕೆಟ್ಟಿದ್ದರೆ ಗೋದಾಮಿನಲ್ಲಿ ಲೋಡು ಪಾಸು, ಮುಂದಿನ ಲಾರಿ, ತಾನೇ ಕೈಚಾಚಿ ಪೆನ್ನು ಇಸಿದುಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಗೀಚಿದ್ದ. ಚುಚ್ಚಿದ್ದಾಯಿತು, ಕ್ಯಾನ್ಸರೇ ಎಂದಾಯಿತು, ಕುಯ್ದು ತೆಗೆದೂ ಆಯಿತು, ಎಲ್ಲ ಕ್ಲೀನ್ ಎಂದು ಮನೆಗೂ ಕಳಿಸಿದರು, ಈಗ ಸರಿಯಾಗಿ ಸೂಜಿ ಹೋದ ಜಾಗದಲ್ಲೇ ಇದು. ಆ ಮೂರು ಚೀಲ ಯಾರ ಮನೆಗೆ ಹೋಗುತ್ತಿದ್ದವೋ, ಒಂದು ದಿನವಾದರೂ ಯೋಚಿಸಿದ್ದನೇ, ಇಲ್ಲ, ಯಾಕೆ ಯೋಚಿಸಬೇಕಿತ್ತು —

ಬನ್ನಿ, ಕರೀತಿದ್ದಾರೆ, ಎಂದಳು ನರ್ಸು. ಹೆಂಡತಿ ಎದ್ದು ನಿಂತಳು, ಏಳ್ರೀ, ಏಳಬೇಕು, ಭಯ, ಹೌದು, ಭಯವೇ, ಬೆರಳು ಮಾತ್ರ ಅಲ್ಲೇ, ಕಡಲೆಕಾಳು, ಒತ್ತಿದರೆ ನೋವಿಲ್ಲ, ಸ್ವಲ್ಪ ಕೆಳಗೆ, ಬೆಳಿಗ್ಗೆ ಇರಲಿಲ್ಲ, ಇತ್ತೇ, ಅದರ ಪಕ್ಕದಲ್ಲೇ, ಸಾಸಿವೆಯಷ್ಟು, ಇನ್ನೊಂದು.