ಹಳೆ ಡಬ್ಬಿಗೆ ಹೊಸ ಕ್ಯಾಸೆಟ್

ನಮ್ಮ ಯಜಮಾನರು ಊರಿಗೆಲ್ಲ ಪ್ರಾಣೇಶ ಮಾಸ್ತರು. ಅವರ ಬಲಗೈಯ ಪರಿಚಯ ಮಳಖೇಡದ ಮಕ್ಕಳಿಗಿಂತ ನನ್ನ ಕೆನ್ನೆಗೇ ಹೆಚ್ಚು. ಶಾಲೆಯಲ್ಲಿ ಬೆತ್ತವಾದರೂ ಬೇಕಿತ್ತು, ಮನೆಯಲ್ಲಿ ಅದೂ ಬೇಕಿರಲಿಲ್ಲ. ೨೦೦೨ರಲ್ಲಿ ಲಕ್ವಾ ಹೊಡೆದು ಆ ಕೈ, ನಾಲಿಗೆ ಎರಡೂ ಬಿದ್ದವು. ಊರವರು ಅಯ್ಯೋ ಪಾಪ ಎಂದರು. ನಾನೂ ಅಂದೆ. ಆದರೆ ನನ್ನ ಹೊಟ್ಟೆ ತಣ್ಣಗಾಗಿತ್ತು, ಸುಳ್ಳೇಕೆ ಹೇಳಲಿ.

ಬೆರಳು ಆಡಿಸುತ್ತಿದ್ದರೆ ಕೈ ಬರುತ್ತದೆ, ಬಿಟ್ಟರೆ ಮತ್ತೆ ಬೀಳುತ್ತದೆ ಎಂದರು ಡಾಕ್ಟರು. ಹಿಚುಕಲು ಚೆಂಡು ಕೊಟ್ಟರೆ ಇವರು ಮುಟ್ಟಲಿಲ್ಲ. ಮಗ ರಘುವೀರ ತಾನು ಚಿಕ್ಕಂದಿನಲ್ಲಿ ಆಡಿದ್ದ ವಿಡಿಯೋ ಗೇಮ್ ಡಬ್ಬಿಯನ್ನು ಟಿವಿಗೆ ಜೋಡಿಸಿ ಬೀದರಿನ ನೌಕರಿಗೆ ಹೊರಟುಹೋದ. ಅದಕ್ಕೆ ಮಾತ್ರ ಇವರು ಅಂಟಿಕೊಂಡರು. ಆರು ತಿಂಗಳಲ್ಲಿ ಹೆಬ್ಬೆರಳು ಬಂತು, ಆಮೇಲೆ ಮಣಿಕಟ್ಟು. ಸಾರಿಗೆ ಉಪ್ಪು ಕಡಿಮೆಯಾದ ದಿನ ಇಡೀ ಕೈ ಬಂತು, ನನ್ನ ಕೆನ್ನೆಯ ಮೇಲೇ ಬಂತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಅದೇ ವಾರ ಊರ ಫ್ಯಾಕ್ಟರಿಯ ಸಿಮೆಂಟಿನ ಧೂಳು ಕೂತು, ಡಬ್ಬಿಗೆ ಹಾಕುವ ಆಟದ ಹಳೆ ಕ್ಯಾಸೆಟ್ ನಿಂತುಹೋಯಿತು. ಎಷ್ಟು ಊದಿದರೂ ಚಿತ್ರ ಬರಲಿಲ್ಲ. ಬೇರೆ ತಾ ಎಂದು ಸನ್ನೆ ಮಾಡಿದರು. ಸೇಡಮ್ಮಿಗೆ ಹೋಗಿ ರಿಪೇರಿ ಅಂಗಡಿಯ ಹಾಜಿಸಾಬರನ್ನು ಕೇಳಿದೆ.

"ಈ ಹೊಸಾದು ಒಯ್ಯಬ್ಯಾಡ್ರಿ ಶಾರದಾಬಾಯಿ," ಎಂದರು. "ಇದರ ಪಟ್ಟಿ ಭಾಳ ತೆಳ್ಳಗದ. ನಿಮ್ಮ ಹಳಿ ಡಬ್ಬ್ಯಾಗ ಸೊಟ್ಟ ಕುಂದ್ರತದ, ಒಂದು ಪಿನ್ನು ಇನ್ನೊಂದಕ್ಕ ಹತ್ತಿ ಡಬ್ಬಿ ಸುಟ್ಟು ಹೋಗ್ತದ. ಜುನಾ ಮಾಲು, ಹಳೀದು ಒಂದು ಅದ, ಅದನ್ನ ಒಯ್ರಿ."

"ಖರೇನೇ ಸುಡ್ತದೇನ್ರಿ?"

"ಖರೇನೇರಿ."

"ಹಂಗಾದ್ರ ಹೊಸಾದೇ ಕೊಡ್ರಿ."

ಹಾಜಿಸಾಬರು ನನ್ನ ಮುಖ ನೋಡಿದರು. ಕೆನ್ನೆ ಇನ್ನೂ ಬಾತಿತ್ತು. ಹೊಸದನ್ನೇ ಕಟ್ಟಿಕೊಟ್ಟರು.

ಮನೆಗೆ ಬಂದು ಕ್ಯಾಸೆಟ್ಟನ್ನು ಇವರ ಕೈಗೇ ಕೊಟ್ಟೆ. ಬಲಗೈಯಿಂದಲೇ ಒತ್ತಿ ಕೂರಿಸಿದರು, ಸ್ವಿಚ್ ಹಾಕಿದರು. ಟಿವಿ ಬೆಳ್ಳಗಾಯಿತು, ಡಬ್ಬಿಯಿಂದ ಹೊಗೆ ಬಂತು. ತಮ್ಮ ಕೈಯೇ ತಪ್ಪು ಮಾಡಿತೆಂದು ತಿಳಿದು ಅದನ್ನೇ ನೋಡುತ್ತ ಅತ್ತರು. ನಾನು ಸೆರಗಿನಿಂದ ಅವರ ಕಣ್ಣೊರೆಸಿದೆ, ನಿಜ ಹೇಳಲಿಲ್ಲ. ಎರಡು ತಿಂಗಳಲ್ಲಿ ಕೈ ಮತ್ತೆ ಮರಗಟ್ಟತೊಡಗಿತು.

ಒಂದು ರವಿವಾರ ರಘುವೀರ ಫೋನ್ ಮಾಡಿದ. "ಅವ್ವಾ, ಅಪ್ಪಗ ಹೊಸಾ ಡಬ್ಬಿ ಕಳಸ್ಲೇನು? ಕೇಳಿ ನೋಡು."

ಕೇಳಿದೆ. ಇವರು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಬೇಕು ಬೇಕೆಂದು ತಲೆಯಾಡಿಸುತ್ತ ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡರು.

"ಬ್ಯಾಡ ಅಂತಾರಪ್ಪಾ," ಎಂದು ಫೋನಿಟ್ಟೆ.