ಎರವಲು ತಂದ ಗಾಜು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅತ್ತೆಯೂ ನಾನೂ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುತ್ತ ಓಡಾಡುತ್ತಿದ್ದೆವು. ಬಂದವರು ತೊಳೆದಿಟ್ಟ ಪಾತ್ರೆ ಯಾವುದೂ ತನ್ನ ಜಾಗದಲ್ಲಿರಲಿಲ್ಲ. ಸಕ್ಕರೆ ಡಬ್ಬಿ ಎಂದು ತೆರೆದರೆ ಸೋಪಿನ ಪುಡಿ. ಅತ್ತೆ ಮೂಸಿ ನೋಡಿ, "ನನ್ನ ತಂಗಿ ಬಂದು ಹೋದ ಮನೇಲಿ ನಮ್ಮ ಮೂಗೂ ನಮ್ಮ ಮುಖದ ಮೇಲಿರಲ್ಲ" ಎಂದರು. ನಾನು ನಕ್ಕೆ. ನಕ್ಕದ್ದು ಇಬ್ಬರಿಗೂ ಕೇಳಿಸಿತು. ಅತ್ತೆ ಇನ್ನೊಂದು ಡಬ್ಬಿ ತೆರೆದರು.

ನನ್ನ ಗಂಡ ಬೆಟ್ಟದ ರಸ್ತೆಯ ತಿರುವಿನಲ್ಲಿ ಬೈಕಿನಿಂದ ಬಿದ್ದು ಸತ್ತಿದ್ದ. ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ನಮಗಿಬ್ಬರಿಗೂ ಕೆಲಸ. ದೂರದರ್ಶಕದ ಕ್ಯಾಮೆರಾ ನೋಡಿಕೊಳ್ಳುವುದು ಅವನದು. ಆ ಕ್ಯಾಮೆರಾ ತೆಗೆದ ಚಿತ್ರಗಳಲ್ಲಿ ನಕ್ಷತ್ರಗಳ ಬೆಳಕನ್ನು ಅಳೆಯುವುದು ನನ್ನದು. "ನಾನು ಬೇಯಿಸ್ತೀನಿ, ನೀನು ಬಡಿಸಿ ಹೆಸರು ತಗೋ" ಎನ್ನುತ್ತಿದ್ದ.

ಅವನ ಫೋನು ಇನ್ನೂ ಚಾರ್ಜಿನಲ್ಲಿತ್ತು. ಅತ್ತೆಯೇ ಹಾಕುತ್ತಿದ್ದರೆಂದು ಕಾಣುತ್ತದೆ. ಅದು ಬಡಿದುಕೊಂಡಾಗ ಪರದೆಯ ಮೇಲೆ 'ಕಾಲೇಜಕ್ಕ' ಎಂದು ಬಂತು. ನಾನು ಎತ್ತಿಕೊಂಡೆ. ಊರಿನ ಕಾಲೇಜಿನಲ್ಲಿ ಅವನಿಗೆ ಭೌತಶಾಸ್ತ್ರ ಕಲಿಸಿದವರು ಅವರು. ಕಾಲೇಜಿನ ಮಹಡಿಯ ಮೇಲೆ ವಿದ್ಯಾರ್ಥಿಗಳಿಗಾಗಿ ಸಣ್ಣದೊಂದು ದೂರದರ್ಶಕ ಇಟ್ಟುಕೊಂಡಿದ್ದಾರೆ.

"ಊಟ ಮಾಡ್ತಿದ್ದೀಯೇನಮ್ಮಾ?"

"ಹೂಂ ಅಕ್ಕ."

"ಸುಳ್ಳು. ಇರ್ಲಿ." ಒಂದು ಕ್ಷಣ ಕೆಮ್ಮಿದರು. "ಕೇಳೋಕೆ ಬಾಯಿ ಬರ್ತಿಲ್ಲ. ಎಷ್ಟೋ ಸಲ ಫೋನ್ ಎತ್ತಿ ಇಟ್ಟೆ. ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಆ ಗಾಜು ಬೇಕಿತ್ತು."

"ಯಾವ ಗಾಜು?"

"ಅದೇ, ಹಸಿರು ಫಿಲ್ಟರು. ನಿಮ್ಮದು ಒಡೆದುಹೋಯ್ತಲ್ಲ, ಹೊಸದು ಬರೋವರೆಗೆ ಇರ್ಲಿ ಅಂತ ನನ್ನದು ತಗೊಂಡು ಹೋಗಿದ್ದ. ಹೋದ ವರ್ಷ." ಅವರ ದನಿಗೆ ಗಾಬರಿ ಬಂತು. "ಅದರಿಂದ ನಿನ್ನ ಕೆಲಸಕ್ಕೇನೂ ತೊಂದ್ರೆ ಆಗ್ಲಿಲ್ಲ ತಾನೇ? ನಾನು ಆವತ್ತೇ ಹೇಳಿದ್ದೆ ಕಣಮ್ಮಾ. ಹಸಿರಾದ್ರೂ ನಿಮ್ಮ ಗಾಜು ಒಂದಿಷ್ಟು ಕೆಂಪನ್ನ ಬಿಡುತ್ತೆ, ಇದು ಅಷ್ಟು ಬಿಡಲ್ಲ, ಮೊದ್ಲು ಹೆಂಡ್ತಿಗೆ ಹೇಳು, ಅವಳು ಲೆಕ್ಕದಲ್ಲಿ ಸರಿ ಮಾಡ್ಕೊಳ್ತಾಳೆ ಅಂತ. 'ಅವಳಿಗೆ ಹೇಳದೆ ಇರ್ತೀನಾ ಅಕ್ಕಾ' ಅಂದ."

"ತಂದುಕೊಡ್ತೀನಿ ಅಕ್ಕ" ಎಂದು ಫೋನಿಟ್ಟೆ. ಚಹಾ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತ್ತು.

ನಕ್ಷತ್ರದ ಬೆಳಕನ್ನು ಅದೊಂದನ್ನೇ ನೋಡಿ ಅಳೆಯಲಾಗುವುದಿಲ್ಲ. ತೆಳುಮೋಡ, ಧೂಳು, ಕನ್ನಡಿಯ ಮೇಲಿನ ತೇವ, ಎಲ್ಲವೂ ದಾರಿಯಲ್ಲಿ ಒಂದಿಷ್ಟು ಬೆಳಕನ್ನು ತಿನ್ನುತ್ತವೆ. ಆದ್ದರಿಂದ ಅದೇ ಚಿತ್ರದಲ್ಲಿರುವ, ಬದಲಾಗದ ಇನ್ನೊಂದು ನಕ್ಷತ್ರವನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತೇವೆ. ಮೋಡ ಬಂದರೆ ಎರಡೂ ಒಟ್ಟಿಗೆ ಮಂಕಾಗುತ್ತವೆ. ನಮ್ಮದೊಂದೇ ಮಂಕಾದರೆ ಅದಕ್ಕೆ ನಿಜವಾಗಿಯೂ ಏನೋ ಆಗಿದೆ. ಕ್ಯಾಮೆರಾದ ಮುಂದೆ ಬಣ್ಣದ ಗಾಜೊಂದಿರುತ್ತದೆ. ಅಳೆದದ್ದು ಯಾವ ಬಣ್ಣದ ಬೆಳಕನ್ನು ಎಂಬುದು ಆ ಗಾಜಿನಿಂದಲೇ ತೀರ್ಮಾನವಾಗುವುದು. ಗಾಜು ಬದಲಾದರೆ ಅಳತೆಗೋಲೇ ಬದಲಾದಂತೆ.

ನನ್ನದು ಒಂದು ಕೆಂಪು ನಕ್ಷತ್ರ. ವರ್ಷಗಟ್ಟಲೆ ಒಂದೇ ಮಟ್ಟದಲ್ಲಿದ್ದದ್ದು ಕಳೆದ ವರ್ಷ ಇದ್ದಕ್ಕಿದ್ದಂತೆ ಸ್ವಲ್ಪ ಮಂಕಾಗಿ ಹಾಗೆಯೇ ಉಳಿಯಿತು. ಅದು ತಾನೇ ಹೊರಚೆಲ್ಲಿದ ಧೂಳು ಅದನ್ನು ಮರೆಮಾಡಿದೆ ಎಂದು ಬರೆದೆ. ಬೇರೆ ಯಾರೂ ಆ ಕಡೆ ನೋಡುತ್ತಿರಲಿಲ್ಲ, ಅದು ನನ್ನ ಅದೃಷ್ಟವೆಂದುಕೊಂಡೆ. ಗಂಡ ಅದಕ್ಕೆ 'ಮುಸುಕಮ್ಮ' ಎಂದು ಹೆಸರಿಟ್ಟ. ಒಳ್ಳೆಯ ಪತ್ರಿಕೆಯೊಂದು ಲೇಖನವನ್ನು ಒಪ್ಪಿಕೊಂಡಿತ್ತು. ನನ್ನ ತಾತ್ಕಾಲಿಕ ಕೆಲಸ ಖಾಯಂ ಆಗುವುದು ಅದೊಂದರ ಮೇಲೆ ನಿಂತಿತ್ತು. ಶನಿವಾರ ಅವನಿಗಾಗಿ ಇಟ್ಟುಕೊಂಡಿದ್ದ ಸಂತಾಪ ಸಭೆಯಲ್ಲಿ ನಿರ್ದೇಶಕರು ಅದನ್ನು ಎಲ್ಲರಿಗೂ ಹೇಳುವವರಿದ್ದರು.

ಆಫೀಸಿನ ವ್ಯಾನಿನಲ್ಲಿ ಬೆಟ್ಟ ಹತ್ತಿದೆ. ತಿರುವು ಬಂದಾಗ ಡ್ರೈವರು ರೇಡಿಯೊ ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಹಾಕಿದ.

ಹಗಲಲ್ಲಿ ದೂರದರ್ಶಕದ ಗುಮ್ಮಟ ಮುಚ್ಚಿರುತ್ತದೆ. ಒಳಗೆ ಗ್ರೀಸಿನ ವಾಸನೆ, ತಣ್ಣನೆಯ ಕತ್ತಲೆ. ಎಲ್ಲರೂ ನಟ್ಟುಮಾಮ ಎಂದು ಕರೆಯುವ ಮೆಕ್ಯಾನಿಕ್ ಏಣಿ ಹಿಡಿದು ನಿಂತಿದ್ದರು. ಫಿಲ್ಟರುಗಳನ್ನು ಕೂರಿಸುವ ಚಕ್ರವನ್ನು ಬಿಚ್ಚಿಕೊಡಬೇಕೆಂದೆ.

"ಕಾಲೇಜಿನವ್ರು ಕೇಳಿದ್ರಾ ಮೇಡಂ?"

ಗಾಜಿನ ಮಾತನ್ನು ನಾನಿನ್ನೂ ಎತ್ತಿರಲಿಲ್ಲ.

"ನಿಮಗೂ ಗೊತ್ತಿತ್ತಾ ಮಾಮ?"

"ನನ್ನ ಕಣ್ಣೆದುರೇ ಬಿದ್ದಿದ್ದು. ಒರೆಸ್ತಾ ಇದ್ರು, ಬೆರಳಿಂದ ಜಾರ್ತು. 'ಮಾಮ, ಡೈರೆಕ್ಟರ್ ಕಿವಿಗೆ ಬಿದ್ರೆ ನನ್ನ ಜೀವಂತ ಹೂಳ್ತಾರೆ' ಅಂದ್ರು." ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನಿಮ್ಗೆ ಗೊತ್ತಿಲ್ಲ ಅಂತ ನಂಗೇನು ಗೊತ್ತು? ಗಂಡ ಹೆಂಡ್ತಿ ಒಂದೇ ಡಬ್ಬೀಲಿ ಉಣ್ತಿದ್ರಿ." ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತ ನಿಂತರು. "ನಾನು ಮೆಕ್ಯಾನಿಕ್ಕು ಮೇಡಂ. ಗಾಜಿಗೆ ಗಾಜು ಬಂತು, ಸರಿ ಅಂದ್ಕೊಂಡೆ."

ಗಾಜಿನ ಅಂಚಿನ ಲೋಹದ ಬಳೆಯ ಮೇಲೆ ಬಿಳಿ ಬಣ್ಣದಲ್ಲಿ ಕಾಲೇಜಿನ ಗುರುತಿತ್ತು. ಹೊರಗಿನಿಂದ ಕಾಣುವಂಥದ್ದಲ್ಲ. ಚಕ್ರ ಬಿಚ್ಚಿದವರಿಗಷ್ಟೇ ಕಾಣುತ್ತದೆ, ಬಿಚ್ಚುತ್ತಿದ್ದವನು ಅವನೊಬ್ಬನೇ.

ಆದರೂ ಗಾಜು ಬದಲಾದ ಮಾತ್ರಕ್ಕೆ ನಕ್ಷತ್ರ ಮಂಕಾದದ್ದು ಸುಳ್ಳೆಂದು ಹೇಳಲಾಗದು. ನಾನು ಎರಡು ನಕ್ಷತ್ರಗಳನ್ನು ಹೋಲಿಕೆಗೆ ಇಟ್ಟುಕೊಂಡಿದ್ದೆ. ಒಂದು ಅಳೆಯುವುದಕ್ಕೆ, ಇನ್ನೊಂದು ಆ ಮೊದಲನೆಯದನ್ನು ಪರೀಕ್ಷಿಸುವುದಕ್ಕೆ. ಎರಡೂ ಕದಲಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಅವುಗಳ ಬಣ್ಣ ನೋಡಿದೆ. ಎರಡೂ ಬಿಳಿ, ಕೆಂಪು ಕಡಿಮೆ; ಗಾಜು ಕೆಂಪನ್ನು ತಡೆದರೂ ಅವು ಅಷ್ಟಾಗಿ ಮಂಕಾಗುವುದಿಲ್ಲ. ಕೆಂಪನ್ನು ತಡೆಯುವ ಗಾಜಿನ ಮುಂದೆ ಎರಡು ಬಿಳಿ ನಕ್ಷತ್ರಗಳು ಒಂದಕ್ಕೊಂದು ಸಾಕ್ಷಿ ಹೇಳುತ್ತ ಕೂತಿದ್ದವು. ಕಳ್ಳನಿಗೆ ಕಳ್ಳನ ಭಾವಮೈದ ಜಾಮೀನು ನಿಂತ ಹಾಗೆ.

ಅದೇ ಚಿತ್ರಗಳ ಮೂಲೆಗಳಲ್ಲಿ ನಾನು ಎಂದೂ ಅಳೆಯದ ಬೇರೆ ಕೆಂಪು ನಕ್ಷತ್ರಗಳಿದ್ದವು. ಒಂದೊಂದನ್ನೇ ಅಳೆದೆ. ಮೊದಲನೆಯದು ಕಳೆದ ವರ್ಷ ಮಂಕಾಗಿತ್ತು. ಎರಡನೆಯದೂ ಮಂಕಾಗಿತ್ತು, ಅದೇ ವಾರ. ಕೆಂಪು ಹೆಚ್ಚಿದ್ದದ್ದು ಹೆಚ್ಚು, ಕಡಿಮೆಯಿದ್ದದ್ದು ಕಡಿಮೆ. ಒಂದು ನಕ್ಷತ್ರ ಮುಸುಕು ಹಾಕಿಕೊಳ್ಳಬಹುದು. ಒಂದರಿಂದ ಒಂದು ಅಷ್ಟೊಂದು ದೂರವಿರುವ ಕೆಂಪು ನಕ್ಷತ್ರಗಳೆಲ್ಲ ಮಾತಾಡಿಕೊಂಡು ಒಂದೇ ವಾರದಲ್ಲಿ ಮುಸುಕು ಹಾಕಿಕೊಳ್ಳುವುದಿಲ್ಲ.

ಮಿಕ್ಕವನ್ನೂ ಅಳೆದೆ. ಬೇಕಿರಲಿಲ್ಲ. ಕೈಗೆ ಬೇರೆ ಕೆಲಸವಿರಲಿಲ್ಲ.

ನನ್ನ ನಕ್ಷತ್ರ ಮಂಕಾದದ್ದನ್ನು ಅವನಿಗೆ ಮೊದಲು ತೋರಿಸಿದ್ದು ಇದೇ ಕೋಣೆಯಲ್ಲಿ. ಕುರ್ಚಿಯ ಹಿಂದೆ ನಿಂತು ಬಹಳ ಹೊತ್ತು ನೋಡಿದ. "ಇನ್ನೊಂದ್ಸಲ ನೋಡು" ಎಂದ. ನೋಡಿದೆ, ಹಾಗೆಯೇ ಇತ್ತು. ಅವನು ಆಗ ಹೇಳಬಹುದಿತ್ತು. ಮರುದಿನ, ಮುಂದಿನ ವಾರ, ನಾನು ಲೇಖನದ ಮೊದಲ ಸಾಲು ಓದಿ ಹೇಳಿದಾಗ, ಪತ್ರಿಕೆಯವರು ಒಪ್ಪಿದರೆಂದು ಅವನನ್ನು ತಬ್ಬಿಕೊಂಡಾಗ, ಯಾವಾಗಲಾದರೂ ಹೇಳಬಹುದಿತ್ತು. ಚಿತ್ರಗಳನ್ನು ತೆಗೆದದ್ದು ಅವನ ಕ್ಯಾಮೆರಾ ಆದ್ದರಿಂದ ಲೇಖನದಲ್ಲಿ ನನ್ನ ಹೆಸರಿನ ಜೊತೆ ಅವನ ಹೆಸರನ್ನೂ ಹಾಕಿದ್ದೆ. ಅವನು ಹಟಮಾಡಿ ತೆಗೆಸಿದ.

"ಇದು ಪೂರ್ತಿ ನಿನ್ನದು. ನಾನು ಬರೀ ಲೆನ್ಸ್ ಒರೆಸೋನು."

ದೊಡ್ಡ ಮನಸ್ಸು ಎಂದುಕೊಂಡು ಊರಿಗೆಲ್ಲ ಹೇಳಿದೆ. ತೂತು ಬಿದ್ದ ದೋಣಿ ಎಂದು ಗೊತ್ತಿದ್ದವನು ನನ್ನನ್ನು ಹತ್ತಿಸಿ, ತಾನು ದಡದಲ್ಲಿ ನಿಂತು ಕೈಬೀಸಿದ್ದ.

ನಿರ್ದೇಶಕರ ಮೇಜಿನ ಮೇಲೆ ಹೊಸ ಅಳತೆಗಳ ನಕ್ಷೆಗಳನ್ನಿಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಲೇಖನ ವಾಪಸ್ ತಗೋತೀನಿ ಸರ್."

"ಈಗಲೇ ಬೇಡಮ್ಮ. ಸಭೆ ಮುಗೀಲಿ. ಮಣ್ಣು ಇನ್ನೂ ಹಸಿ ಇದೆ. ಹೋದವನ ತಲೆಗೆ ತಪ್ಪು ಕಟ್ಟೋದು ನೋಡೋಕೂ ಚೆನ್ನಾಗಿರಲ್ಲ."

"ತಪ್ಪು ಅವನದೇ ಸರ್."

"ನಾನು ಅಲ್ಲ ಅಂದೆನಾ? ಸ್ವಲ್ಪ ತಡಿ ಅಂದೆ. ನಾನು ಅವನ ಹೆಸರನ್ನೂ ಲೇಖನಕ್ಕೆ ಸೇರಿಸಿಬಿಡೋಣ, ನೆನಪಿಗೆ ಇರುತ್ತೆ ಅಂತಿದ್ದೆ."

"ಅವನೇ ತೆಗೆಸಿದ್ದ."

"ಅದೇ, ಎಂಥಾ ಗುಣ—" ಎನ್ನುತ್ತ ನನ್ನ ಮುಖ ನೋಡಿ ನಿಲ್ಲಿಸಿದರು. ನಕ್ಷೆಗಳನ್ನು ಜೋಡಿಸಿದರು. "ನಿನ್ನ ಕೆಲಸದ ವಿಷಯ ಏನಾಗುತ್ತೆ ಗೊತ್ತಲ್ಲ? ಮೇಲಿನವರಿಗೆ ನಾನು ಏನಂತ ಬರೀಲಿ?"

"ಗೊತ್ತು ಸರ್."

"ಸಭೇಲಿ ತಾನೇ ಏನು ಹೇಳ್ಲಿ?"

"ಚೆನ್ನಾಗಿ ಹಾಡ್ತಿದ್ದ ಅಂತ ಹೇಳಿ."

"ಹಾಡ್ತಿದ್ನಾ?"

"ಇಲ್ಲ. ಆದ್ರೆ ಅದನ್ನ ಯಾರೂ ಅಳೆಯೋಕೆ ಬರಲ್ಲ."

ನನ್ನ ಕೋಣೆಗೆ ಬಂದು ಪತ್ರಿಕೆಯ ಸಂಪಾದಕರಿಗೆ ಬರೆದೆ. ಫಿಲ್ಟರು ಬದಲಾಗಿತ್ತು, ನಕ್ಷತ್ರದಲ್ಲಿ ಯಾವ ಬದಲಾವಣೆಯೂ ಇಲ್ಲ, ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆ. ಬದಲಾದದ್ದು ನನಗೆ ತಿಳಿದಿರಲಿಲ್ಲ ಎಂದು ಸೇರಿಸಿದೆ. ಓದಿ ಅಳಿಸಿದೆ. ಅದು ಅವರಿಗೆ ಬೇಕಾದ ವಿಷಯವಲ್ಲ.

ಸಂಜೆ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಅವನ ಅಂಗಿಗಳ ಗುಂಡಿ ಭದ್ರಮಾಡುತ್ತಿದ್ದರು, ಯಾರಿಗಾದರೂ ಕೊಡುವುದಕ್ಕೆ.

"ಸಭೇಲಿ ನನ್ನ ಮುಂದಿನ ಸಾಲಲ್ಲಿ ಕೂರಿಸ್ತಾರಂತೆ. ನಿಮ್ಮ ಮುಸುಕಮ್ಮನ ಸುದ್ದಿ ಹೇಳ್ತಾರೆ ಅಂತ ತಂಗಿಗೂ ಬಾ ಅಂದಿದೀನಿ. ಬರ್ಲಿ, ಸಕ್ಕರೆ ಎಲ್ಲಿಟ್ಟೆ ಅಂತಾನೂ ಕೇಳ್ಬೇಕು."

ಹೇಳಿದೆ. ಗಾಜು ಒಡೆದದ್ದು, ಎರವಲು ತಂದದ್ದು, ನನಗೆ ಹೇಳದೆ ಉಳಿದದ್ದು. ಅತ್ತೆ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಕೇಳಿದರು.

"ಅಂದ್ರೆ ಆ ನಕ್ಷತ್ರ ಇಲ್ವಾ?"

"ಇದೆ ಅತ್ತೆ. ಚೆನ್ನಾಗಿದೆ. ಅದಕ್ಕೆ ಏನೂ ಆಗಿಲ್ಲ."

"ಪಾಪ, ಅದಾದ್ರೂ ಚೆನ್ನಾಗಿರ್ಲಿ." ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಚಿಕ್ಕವನಿದ್ದಾಗ ಲೋಟ ಒಡೆದ್ರೆ ಪಕ್ಕದ ಮನೆಯಿಂದ ಅಂಥದ್ದೇ ತಂದಿಡ್ತಿದ್ದ. ಆ ಮನೆಯವಳು ಬಂದು ಕೇಳೋವರೆಗೂ ನನಗೆ ಗೊತ್ತಾಗ್ತಿರ್ಲಿಲ್ಲ. ನಾನು ಹೊಡೀತಿದ್ದೆ ಕಣೇ. ಸಿಟ್ಟು ಬಂದ್ರೆ ಕೈಗೆ ಸಿಕ್ಕಿದ್ರಲ್ಲಿ ಹೊಡೀತಿದ್ದೆ. ಆ ಭಯಕ್ಕೆ ಹಾಗೆ ಕಲಿತ." ತಮ್ಮಷ್ಟಕ್ಕೆ ತಾವೇ ಎಂಬಂತೆ ಕೇಳಿದರು: "ನೀನು ಹೊಡೀತಿರ್ಲಿಲ್ವಲ್ಲ."

"ಇಲ್ಲ ಅತ್ತೆ. ಬೈದದ್ದೂ ಇಲ್ಲ."

ಅವರು ಮುಂದಿನ ಅಂಗಿಯನ್ನು ಎತ್ತಿಕೊಂಡರು.

ಶುಕ್ರವಾರ ಕಾಲೇಜಿಗೆ ಹೋದೆ. ಗಾಜನ್ನು ಹತ್ತಿಯಲ್ಲಿ ಸುತ್ತಿ ಸಣ್ಣ ಡಬ್ಬಿಯಲ್ಲಿಟ್ಟುಕೊಂಡಿದ್ದೆ. ಬೆಟ್ಟದ ಮೇಲೆ ಕ್ಯಾಮೆರಾದ ಚಕ್ರದಲ್ಲಿ ಅದರ ಜಾಗ ಈಗ ಖಾಲಿ. ಹೊಸದು ಬರುವವರೆಗೆ ಹಸಿರಿನಲ್ಲಿ ಯಾರೂ ಏನನ್ನೂ ಅಳೆಯುವಂತಿಲ್ಲ ಎಂದು ನಾನೇ ಬಾಗಿಲಿಗೆ ಚೀಟಿ ಅಂಟಿಸಿ ಬಂದಿದ್ದೆ.

ಪ್ರಯೋಗಾಲಯದಲ್ಲಿ ಅಕ್ಕ ಒಬ್ಬರೇ ಇದ್ದರು. ಸ್ಟೂಲು ಎಳೆದು, ಕೂರು ಎಂದರು. ನಾನು ಕೂರದೆ ಡಬ್ಬಿ ಕೊಟ್ಟೆ. ಅವರು ಹತ್ತಿ ಬಿಚ್ಚಿ, ಗಾಜನ್ನು ಅಂಚಿನಲ್ಲಿ ಹಿಡಿದು ಕಿಟಕಿಗೆ ಅಡ್ಡವಾಗಿ ಎತ್ತಿ ಓರೆಯಾಗಿಸಿ ನೋಡಿದರು. ಬಿಸಿಲು ಅದರೊಳಗಿಂದ ಹಾದು ಅವರ ಕೆನ್ನೆಯ ಮೇಲೆ ಹಸಿರಾಗಿ ಬಿತ್ತು.

"ಒಂದು ಗೀರೂ ಇಲ್ಲ ನೋಡು. ಬೇರೆಯವರ ವಸ್ತು ಅಂದ್ರೆ ಎಷ್ಟು ಜೋಪಾನ ಅವನಿಗೆ."

"ಹೌದು ಅಕ್ಕ."

"ನಿನ್ನ ಲೆಕ್ಕಕ್ಕೆ ತೊಂದ್ರೆ ಆಗ್ಲಿಲ್ಲ ತಾನೇ?"

"ಅವನು ನನಗೆ ಹೇಳಲೇ ಇಲ್ಲ ಅಕ್ಕ."

ಅವರ ಕೈ ಕೆಳಗಿಳಿಯಲಿಲ್ಲ. ನಾನು ಹತ್ತಿಯನ್ನು ಮಡಿಸಿ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಅವರ ಮುಂದೆ ಸರಿಸಿದೆ, ಗಾಜನ್ನು ಇಟ್ಟುಕೊಳ್ಳಲಿ ಎಂದು.