ಲೆಕ್ಕಕ್ಕೆ ಬಾರದ ತಿಂಗಳು

ಅಮರಪ್ಪ ಕೊಟ್ಟ ಮಾತಿಗೆ ತಪ್ಪಿದವನಲ್ಲ. ಅದಕ್ಕೇ ದೇವಕಮ್ಮ ಸಾಯುವ ಮುಂಚೆ ಮೃತ್ಯುಪತ್ರ ಬರೆಸಿ, ಅದನ್ನು ನಡೆಸಿಕೊಡುವ ಹೊಣೆಯನ್ನು ಅವನ ತಲೆಗೇ ಕಟ್ಟಿದ್ದಳು. ಕಾಲುವೆ ಪಕ್ಕದ ಎರಡೆಕರೆ ಹೊಲ, ಹನ್ನೊಂದು ವರ್ಷ ತನ್ನ ಹೇಲುಚ್ಚೆ ಬಳಿದ ಮಾನಮ್ಮನಿಗೆ. ಅಣ್ಣನ ಮಗ ಮಹಾದೇವಪ್ಪನಿಗೆ ಏನೂ ಇಲ್ಲ.

ಹೊಲಕ್ಕೆ ನೀರು ಬರುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಎಂದೂ ಅತ್ತೆಯ ಮುಖ ನೋಡದ ಮಹಾದೇವಪ್ಪನಿಗೆ ಸತ್ತವಳ ಮೇಲೆ ಪ್ರೀತಿ ಉಕ್ಕಿ ಬಂತು. ತಾನೇ ವಾರಸುದಾರನೆಂದು ಅರ್ಜಿ ಹಾಕಿ ಪಹಣಿಯಲ್ಲಿ ಹೆಸರು ಏರಿಸಿಕೊಂಡ. ಆ ಆದೇಶದ ಕಾಗದ ಅಮರಪ್ಪನ ಕೈಗೆ ಬಂದದ್ದು ವೈಶಾಖದ ಅಮಾವಾಸ್ಯೆಯ ಮರುದಿನ. ಅವನಿಗೆ ಅಕ್ಷರ ಬಾರದು. ಓದಿ ಹೇಳಿದ ಶಾಲೆಯ ಮಾಸ್ತರರು, "ಅಪೀಲಿಗೆ ಎರಡು ತಿಂಗಳು ಟೈಮ್ ಐತಿ" ಎಂದರು.

ಮಾನಮ್ಮ ಅಂದೇ ಹೊರಟು ನಿಂತಳು. "ಸುರಪುರಕ್ಕ ವಕೀಲರ ಕಡೆ ಹೋಗೂಣ ನಡೀರಿ ಕಾಕಾ."

"ಅಧಿಕ ಮಾಸ ಹತ್ತೈತವ್ವಾ. ಈ ತಿಂಗಳದಾಗ ಒಳ್ಳೆ ಕೆಲಸಕ್ಕ ಕೈ ಹಚ್ಚಬಾರದು. ಇದು ಲೆಕ್ಕಕ್ಕ ಬರಂಗಿಲ್ಲ."

ಅವಳು ತಿಂಗಳಿಡೀ ಕೇಳಿದಳು, ಅವನು ತಿಂಗಳಿಡೀ ಅದನ್ನೇ ಹೇಳಿದ. ಅಧಿಕ ಕಳೆಯಿತು, ಬಿತ್ತನೆ ಬಂತು. ಜ್ಯೇಷ್ಠ, ಆಷಾಢ ಎಂದು ಬೆರಳು ಮಡಚಿ ಎಣಿಸಿ, ಆಷಾಢದ ಅಮಾವಾಸ್ಯೆಗೆ ಇನ್ನೂ ಎರಡು ದಿನ ಇರುವಾಗಲೇ ಅಮರಪ್ಪ ವಕೀಲ ನಸೀರುದ್ದೀನರ ಮುಂದೆ ಕಾಗದ ಇಟ್ಟ. ಗಡುವಿಗೆ ಮುಂಚೆ ಬಂದೆನೆಂಬ ಹೆಮ್ಮೆ ಬೇರೆ.

ವಕೀಲರು ಗೋಡೆಯ ಕ್ಯಾಲೆಂಡರ್ ನೋಡಿದರು. "ಅರವತ್ತು ದಿನದ ಗಡುವು. ಇವತ್ತಿಗೆ ಎಂಬತ್ತಾರು. ತಡ ಯಾಕಾತು ಅಂತ ಬರೀಲಿ?"

"ನಡಕ ಅಧಿಕ ಮಾಸ ಬಂದಿತ್ತಲ್ರಿ."

ವಕೀಲರು ನಗಲಿಲ್ಲ. "ಬರದು ಹಾಕ್ತೀನಿ, ಅಪೀಲು ಕೇಳೋ ಸಾಹೇಬರು ಒಪ್ಪಂಗಿಲ್ಲ. ಇನ್ನ ಕೋರ್ಟಿನ್ಯಾಗ ದಾವಾ ಹೂಡಿ ಮೃತ್ಯುಪತ್ರ ಖರೇ ಅಂತ ತೋರಿಸಬೇಕಂದ್ರ ಎಂಟು ಹತ್ತು ವರ್ಷ. ಸಾಕ್ಷಿ ಹಾಕಿದವ್ರು ಅದಾರೇನು?"

"ಒಬ್ಬವ ಸತ್ತಾನ್ರಿ. ಮಸ್ತಾನಸಾಬ ಹಾಸಿಗಿ ಹಿಡದಾನ."

"ನಿಮಗ ವಯಸ್ಸೆಷ್ಟು?"

ಎಪ್ಪತ್ತೆರಡು ಎನ್ನಲು ಅಮರಪ್ಪನಿಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಹೊಲದಲ್ಲಿ ಮಾನಮ್ಮ ಬಿತ್ತಿದ್ದ ತೊಗರಿ ಗೇಣುದ್ದ ಎದ್ದಿತ್ತು. ಕಾಲುವೆಗೆ ಆವತ್ತೇ ಮೊದಲ ನೀರು ಬಿಟ್ಟಿದ್ದರು. ಮಾನಮ್ಮ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು ನೀರು ತಿರುಗಿಸುತ್ತಿದ್ದಳು. ಅಮರಪ್ಪ ಬದುವಿನ ಮೇಲೆ ನಿಂತು ಎಲ್ಲವನ್ನೂ ಹೇಳಿದ, ಏನೂ ಮುಚ್ಚಿಡಲಿಲ್ಲ.

"ಆ ತಿಂಗಳು ಲೆಕ್ಕಕ್ಕ ಬರಂಗಿಲ್ಲ ಅಂದ್ರಿ," ಎಂದಳು ಅವಳು. "ಅವರ ಲೆಕ್ಕಕ್ಕ ಹೆಂಗ ಬಂತು ಕಾಕಾ?"

ಮಾನಮ್ಮ ನಾಲ್ಕು ಹೆಂಟೆ ಮಣ್ಣು ಎತ್ತಿ ಹೊಲದ ನೀರಿನ ಬಾಯಿಗೆ ಒತ್ತಿ ಮುಚ್ಚಿದಳು.

"ಈಗಿದು ಮಹಾದೇವಪ್ಪನ ತೊಗರಿ. ನೀರು ಅವನೇ ಹಾಯಿಸ್ಕೊಳ್ಲಿ" ಎಂದು ಸಲಿಕೆ ಹೆಗಲಿಗಿಟ್ಟು ನಡೆದಳು.